ವಾಷಿಂಗ್ಟನ್ನರ ಅಂತ್ಯಕಾಲ : ಒಂದು ಮರುವಿಚಾರ

ಅಮೆರಿಕದ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರನ್ನು ಅವರ ವೈದ್ಯರೇ ಕೊಂದರೆಂಬ ಮಾತನ್ನು ವಾಚಕರು ಕೇಳಿರಬಹುದು. 1799ರ ಡಿಸೆಂಬರ್ 14ರ ಒಂದೇ ದಿನದಲ್ಲಿ ಅವರ ದೇಹದಿಂದ ಸುಮಾರು 80 ಔನ್ಸ್, ಎಂದರೆ ಎರಡು ಲೀಟರಿಗೂ ಮಿಕ್ಕ ರಕ್ತವನ್ನು ತೆಗೆಯಲಾಯಿತೆಂದು ಇಂದಿನ ವೈದ್ಯರು ಅಂದಾಜು ಮಾಡುತ್ತಾರೆ. ಅಂಕಿ ಭಯಂಕರವೇ ಸರಿ. ಆದರೆ ಅದರಿಂದ ಹೊರಡಿಸಿದ ತೀರ್ಪನ್ನು ನಾವು ಹಾಗೆಯೇ ಒಪ್ಪುವಂತಿಲ್ಲ.

ಈ ವಿಷಯದಲ್ಲಿ ಮುಖ್ಯ ಸಾಕ್ಷ್ಯ ಅವರ ಕಾರ್ಯದರ್ಶಿ ಟೋಬಿಯಾಸ್ ಲಿಯರ್ ಬರೆದಿಟ್ಟ ವೃತ್ತಾಂತ. ಡಿಸೆಂಬರ್ 12ರಂದು ಹಿಮ, ಆಲಿಕಲ್ಲು, ಮಳೆಗಳ ನಡುವೆ ಕುದುರೆಯೇರಿ ಹೊಲಗಳನ್ನು ಸುತ್ತಿಬಂದ 67 ವರ್ಷದ ವಾಷಿಂಗ್ಟನ್ನರಿಗೆ ಮರುದಿನ ಗಂಟಲು ನೋವು, ಔಷಧ ಬೇಡವೆಂದರು. 14ರ ನಸುಕಿಗೆ ಉಸಿರಾಟವೇ ಕಷ್ಟವಾಯಿತು. ಕಾಕಂಬಿ, ವಿನೆಗರ್, ಬೆಣ್ಣೆಗಳ ಮಿಶ್ರಣದ ಒಂದು ಹನಿಯೂ ಗಂಟಲಿನಲ್ಲಿ ಇಳಿಯಲಿಲ್ಲ. ವೈದ್ಯರು ಬರುವ ಮುನ್ನವೇ ತೋಟದ ಮೇಲ್ವಿಚಾರಕನನ್ನು ಕರೆಸಿ ರಕ್ತಮೋಕ್ಷಣ ಮಾಡಿಸಿಕೊಂಡವರು ಸ್ವತಃ ರೋಗಿಯೇ! ಪತ್ನಿ ಮಾರ್ಥಾ ಹೆಚ್ಚು ತೆಗೆಯಬೇಡಿರೆಂದು ಬೇಡಿಕೊಂಡರೂ ಇನ್ನೂ ತೆಗೆಯೆಂದವರು ಅವರೇ. ತಮ್ಮ ಕಾಲದ ನಂಬಿಕೆಯಲ್ಲಿ ರೋಗಿಯೂ ವೈದ್ಯನೂ ಸಮಾನ ಪಾಲುದಾರರಾಗಿದ್ದರು.

ರೋಗ ಯಾವುದು? ಗಂಟಲಮಾರಿ ಎಂದವರುಂಟು, ಗಲಗ್ರಂಥಿಯ ಕೀವು ಎಂದವರೂ ಉಂಟು. ಶ್ವಾಸನಾಳದ ಬಾಯಿಗೆ ಮುಚ್ಚಳದಂತಿರುವ ಅಂಗ ಹಠಾತ್ತನೆ ಬಾತು ಉಸಿರನ್ನು ತಡೆಯುವ ಎಪಿಗ್ಲಾಟೈಟಿಸ್ ಎಂಬುದು ಇಂದು ಹೆಚ್ಚು ಮಾನ್ಯವಾದ ಅಭಿಪ್ರಾಯ. ನುಂಗಲಾಗದ ಗಂಟಲು, ಅಡಗಿದ ಧ್ವನಿ, ಮಲಗಲೂ ಕೂರಲೂ ಆಗದ ಚಡಪಡಿಕೆ, ಇವೆಲ್ಲ ಅದಕ್ಕೇ ಹೊಂದುತ್ತವೆ. ಶವಪರೀಕ್ಷೆ ನಡೆಯದ ಕಾರಣ ಇದನ್ನು ಬಲವಾದ ಊಹೆಯೆನ್ನಬಹುದೇ ಹೊರತು ಸಿದ್ಧಾಂತವೆನ್ನಲಾಗದು. ಈ ಕಾಯಿಲೆಗೆ ಆಗ ಮದ್ದಿರಲಿಲ್ಲ. ರಕ್ತವನ್ನು ಉಳಿಸಿದ್ದರೂ ಜೀವ ಉಳಿಯುತ್ತಿತ್ತೆಂದು ಹೇಳಬರುವುದಿಲ್ಲ.

ವೈದ್ಯ ಲೇಖನಗಳು ಬಿಟ್ಟುಬಿಡುವ ಒಂದು ಸಂಗತಿ ಲಿಯರ್‌ನ ಬರಹದಲ್ಲಿದೆ. ದಿನವಿಡೀ ಹಾಸಿಗೆಯ ಬಳಿ ನಿಂತೇ ಇದ್ದ ದಾಸ ಕ್ರಿಸ್ಟೋಫರನಿಗೆ ಕುಳಿತುಕೊಳ್ಳುವಂತೆ ವಾಷಿಂಗ್ಟನ್ನರು ಸನ್ನೆ ಮಾಡಿದರಂತೆ. ಆದರೂ ಆತ ದಾಸನೇ, ಇದನ್ನೂ ಮರೆಯಬಾರದು.

ನನ್ನ ದೃಷ್ಟಿಯಲ್ಲಿ ನಿಜವಾದ ಆಕ್ಷೇಪ ಬೇರೆಡೆಯಿದೆ. ಅಂದು ಸೇರಿದ ಮೂವರು ವೈದ್ಯರಲ್ಲಿ ಎಲಿಷಾ ಡಿಕ್ ಅತ್ಯಂತ ಕಿರಿಯ. ರೋಗಿಗೆ ಶಕ್ತಿ ಬೇಕು, ಇನ್ನು ರಕ್ತ ತೆಗೆಯುವುದು ಬೇಡವೆಂದು ಆತ ವಿರೋಧಿಸಿದ. ಶ್ವಾಸನಾಳದಲ್ಲಿ ರಂಧ್ರ ಮಾಡಿ ಉಸಿರಿಗೆ ದಾರಿ ಕೊಡೋಣವೆಂದೂ ಸೂಚಿಸಿದ. ಹಿರಿಯರಾದ ಕ್ರೇಕ್ ಮತ್ತು ಬ್ರೌನ್ ಒಪ್ಪಲಿಲ್ಲ. ಮತ್ತೆ 32 ಔನ್ಸ್ ರಕ್ತ ಹೋಯಿತು. ಆ ಶಸ್ತ್ರಕ್ರಿಯೆ ಆಗ ಅಪರೂಪದ್ದು, ಅಪಾಯದ್ದು. ಹಿರಿಯರ ಅಳುಕು ಅರ್ಥವಾಗುವಂಥದೇ. ರಕ್ತದ ವಿಷಯದಲ್ಲಿ ಮಾತ್ರ ಅವರಿಗೆ ಈ ರಿಯಾಯಿತಿ ಸಲ್ಲದು. ನಿಲ್ಲಿಸುವುದಕ್ಕೆ ಯಾವ ಶಸ್ತ್ರವೂ ಬೇಕಿರಲಿಲ್ಲ. ರಾತ್ರಿ ಹತ್ತು ಗಂಟೆ ಕಳೆದ ಮೇಲೆ ಪ್ರಾಣ ಹೋಯಿತು.

ಮೂರು ವಾರ ತುಂಬುವ ಮೊದಲೇ, 1800ರ ಜನವರಿ 2ರಂದು, ಬ್ರೌನ್ ಕ್ರೇಕ್‌ಗೆ ಪತ್ರ ಬರೆದು, ಡಿಕ್‌ನ ಮಾತನ್ನು ನಾವು ಕೇಳಬೇಕಾಗಿತ್ತೆಂದು ಒಪ್ಪಿಕೊಂಡರು.