ಪುಟ ತಿರುವಿದವರ ಸಾವು

ಉಂಬರ್ಟೊ ಎಕೊ ಅವರ ‘ದ ನೇಮ್ ಆಫ್ ದ ರೋಸ್’ ಕಾದಂಬರಿಯಲ್ಲಿ ಕೊಲೆಗಾರ ಯಾರೆಂಬುದನ್ನು ಚುರುಕಾದ ಓದುಗರು ಅರ್ಧದಲ್ಲೇ ಊಹಿಸಿಬಿಡುತ್ತಾರೆ. ಕಾದಂಬರಿಗೆ ಅದರಿಂದ ನಷ್ಟವೇನಿಲ್ಲ. 1980ರಲ್ಲಿ ಇಟಾಲಿಯನ್ನಿನಲ್ಲಿ ಬಂದು, 1983ರಲ್ಲಿ ವಿಲಿಯಂ ವೀವರ್ ಅವರ ಇಂಗ್ಲಿಷ್ ಅನುವಾದದಿಂದ ದೂರದ ಓದುಗರನ್ನೂ ಮುಟ್ಟಿದ ಈ ಕೃತಿಯನ್ನು ಪಾಂಡಿತ್ಯದ ಪ್ರದರ್ಶನವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಇದು ಒಂದೇ ಪ್ರಶ್ನೆಯ ಬೆನ್ನುಹತ್ತಿದ ಕೃತಿಯಾಗಿ ಕಾಣುತ್ತದೆ: ಪುಸ್ತಕವನ್ನು ಕಾಯುವವನು ಅದನ್ನು ಯಾರಿಂದ ಕಾಯುತ್ತಿದ್ದಾನೆ?

1327ರ ನವೆಂಬರ್ ಕೊನೆ. ಉತ್ತರ ಇಟಲಿಯ ಬೆಟ್ಟದ ಮೇಲೊಂದು ಬೆನೆಡಿಕ್ಟೀನ್ ಮಠ. ಅದರ ಗ್ರಂಥಾಲಯ 56 ಕೋಣೆಗಳ ಚಕ್ರವ್ಯೂಹ. ಯಾವ ಪುಸ್ತಕ ಯಾರ ಕೈಗೆ ಸಿಗಬೇಕೆಂಬುದು ಗ್ರಂಥಪಾಲಕನ ಮರ್ಜಿ. ಉಳಿದ ಸನ್ಯಾಸಿಗಳು ಒಳಗೆ ಕಾಲಿಡುವಂತಿಲ್ಲ. ಒಬ್ಬರ ಹಿಂದೆ ಒಬ್ಬರು ಸಾಯತೊಡಗುತ್ತಾರೆ. ಫ್ರಾನ್ಸಿಸ್ಕನ್ ಪಂಥದ ವಿಲಿಯಂ ಆಫ್ ಬಾಸ್ಕರ್‌ವಿಲ್ ತನಿಖೆ ನಡೆಸುತ್ತಾನೆ. ಅವನ ಶಿಷ್ಯ ಆಡ್ಸೊ ಮುಪ್ಪಿನಲ್ಲಿ ಕೂತು ಅದನ್ನೆಲ್ಲ ಬರೆಯುತ್ತಾನೆ.

ಕೊಲೆಯ ವಿಧಾನವೇ ಈ ಕಾದಂಬರಿಯ ಜೀವಾಳ. ಬಚ್ಚಿಟ್ಟ ಒಂದು ಪುಸ್ತಕ, ನಾರುಬಟ್ಟೆಯಿಂದ ಮಾಡಿದ ಹಳೆಯ ಕಾಗದದ್ದು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಬೇಕಾದರೆ ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳಬೇಕು. ವಿಷವಿರುವುದು ಹಾಳೆಯ ಮೂಲೆಯಲ್ಲಿ. ಎಷ್ಟು ಪುಟ ಓದಿದರೆ ಅಷ್ಟು ವಿಷ ಒಳಗೆ. ಹೆಣದ ಬೆರಳ ತುದಿಗಳೂ ನಾಲಿಗೆಯೂ ಕಪ್ಪಾಗಿರುವುದು ವಿಲಿಯಂ ಕಣ್ಣಿಗೆ ಬೀಳುತ್ತದೆ. ಕೊನೆಯಲ್ಲಿ ಮಠದ ಕುರುಡ ಮುದಿ ಸನ್ಯಾಸಿ ಜಾರ್ಜ್ ಆ ಪುಸ್ತಕವನ್ನು ತಾನಾಗಿಯೇ ಮುಂದಿಟ್ಟು ಓದು ಎಂದಾಗ ವಿಲಿಯಂ ಓದುತ್ತಾನೆ, ಆದರೆ ಕೈಗವಸು ತೊಟ್ಟು. ಓದುವವನ ಆಸೆಯೇ ಅವನ ಮರಣದಂಡನೆಯಾಗುವಂತೆ ಹೆಣೆದ ಇಂಥ ಕೊಲೆಯನ್ನು ನಾನು ಬೇರಾವ ಪತ್ತೇದಾರಿ ಕಥೆಯಲ್ಲೂ ಕಂಡಿಲ್ಲ. ಹಾಗೆ ಬಚ್ಚಿಟ್ಟದ್ದಾದರೂ ಏನು? ಅರಿಸ್ಟಾಟಲನ ಕಾವ್ಯಮೀಮಾಂಸೆಯ ಕಳೆದುಹೋದ ಎರಡನೆಯ ಭಾಗ, ಹಾಸ್ಯದ ಕುರಿತದ್ದು. ಅಂಥ ದೊಡ್ಡವನ ಹೆಸರು ನಗುವಿನ ಬೆನ್ನಿಗೆ ನಿಂತರೆ ದೇವರ ಭಯವೇ ಹೋದೀತೆಂಬುದು ಜಾರ್ಜ್‌ನ ಅಂಜಿಕೆ.

ಮೊದಲ ಪುಟಗಳಲ್ಲಿ ಹಿಮದ ಮೇಲಿನ ಗೊರಸಿನ ಗುರುತು ನೋಡಿ, ಕಾಣದ ಕುದುರೆಯ ಹೆಸರನ್ನೂ ಹೇಳುವ ವಿಲಿಯಂ ಷರ್ಲಾಕ್ ಹೋಮ್ಸ್‌ನ ವಂಶದವನು. ಆದರೂ ಎಕೊ ಅವನನ್ನು ಸೋಲಿಸುತ್ತಾರೆ. ಸಾವುಗಳು ಬೈಬಲ್ಲಿನ ಪ್ರಳಯದ ವರ್ಣನೆಯ ಕ್ರಮದಲ್ಲೇ ನಡೆಯುತ್ತಿವೆಯೆಂದು ನಂಬಿ ಅವನು ಹುಡುಕುತ್ತಾನೆ. ಅಂಥ ಯೋಜನೆಯೇ ಇರಲಿಲ್ಲ. ಒಂದು ಸಾವಂತೂ ಆತ್ಮಹತ್ಯೆ. ತಪ್ಪು ದಾರಿ ಹಿಡಿದು ಸರಿಯಾದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಇನ್ನೂ ಭಯಂಕರವಾದದ್ದು, ಅವನ ಊಹೆ ಕಿವಿಗೆ ಬಿದ್ದು ಜಾರ್ಜ್ ಕೂಡ ಅದನ್ನು ದೈವಸಂಕಲ್ಪವೆಂದೇ ನಂಬಿಬಿಡುವುದು. ಬುದ್ಧಿವಂತಿಕೆಯ ಮೇಲೆ ನಿಂತ ಪ್ರಕಾರದೊಳಗಿದ್ದುಕೊಂಡೇ ಬುದ್ಧಿಯ ಮಿತಿಯನ್ನು ಇಷ್ಟು ನಿಷ್ಠುರವಾಗಿ ತೋರಿಸುವುದು ಸಣ್ಣ ಕೆಲಸವಲ್ಲ.

ಕ್ರಿಸ್ತನಿಗೆ ಸ್ವಂತ ಆಸ್ತಿಯಿತ್ತೇ ಎಂಬ ವಾದ ಪುಟಗಟ್ಟಲೆ ನಡೆಯುತ್ತದೆ. ಅದನ್ನು ಹಾರಿಸಿ ಓದುವವರು ಬಹಳ. ಹಾರಿಸಬೇಡಿ ಎನ್ನುತ್ತೇನೆ. ಯಾವುದೂ ತನ್ನದಲ್ಲವೆನ್ನುವ ಪಂಥದ ವಿಲಿಯಂ, ಜ್ಞಾನವೆಲ್ಲ ತನ್ನದೆನ್ನುವ ಮಠದಲ್ಲಿ ತನಿಖೆ ಮಾಡುತ್ತಿದ್ದಾನೆ. ಆ ವಾದವಿಲ್ಲದಿದ್ದರೆ ಬೀಗ ಹಾಕಿದ ಗ್ರಂಥಾಲಯ ಬರೀ ರಹಸ್ಯದ ಮನೆಯಾಗಿ ಉಳಿಯುತ್ತಿತ್ತು. ಆದರೆ ಜಾರ್ಜ್ ಮತ್ತು ವಿಲಿಯಂ ಎದುರುಬದುರಾಗುವ ಅಧ್ಯಾಯದಲ್ಲಿ ಇಬ್ಬರೂ ಮೇಷ್ಟರಂತೆ ಮಾತಾಡುತ್ತಾರೆ. ಅಲ್ಲಿ ಕತ್ತರಿ ಬೇಕಿತ್ತು.

ನನ್ನ ನಿಜವಾದ ತಕರಾರಿರುವುದು ಆ ಹಳ್ಳಿಯ ಹುಡುಗಿಯ ವಿಷಯದಲ್ಲಿ. ಹಸಿವಿಗೆ ಮಠದ ಅಡುಗೆಮನೆಗೆ ಬರುವವಳನ್ನು ಆಡ್ಸೊ ಒಂದು ರಾತ್ರಿ ಕೂಡುತ್ತಾನೆ. ಆಮೇಲೆ ಚರ್ಚಿನ ಧರ್ಮವಿಚಾರಣಾಧಿಕಾರಿ ಬರ್ನಾರ್ಡ್ ಗೀ ಅವಳನ್ನು ಮಾಟಗಾತಿಯೆಂದು ಹಿಡಿದೊಯ್ಯುತ್ತಾನೆ. ಅವಳಿಗೆ ಕಾದಿರುವುದು ಚಿತೆ. 1986ರಲ್ಲಿ ಜಾನ್ ಜಾಕ್ ಅನೊ ನಿರ್ದೇಶಿಸಿದ ಚಲನಚಿತ್ರ ಅವಳನ್ನು ಉಳಿಸಿ, ಗೀಯನ್ನು ಸಾಯಿಸಿ ಪ್ರೇಕ್ಷಕರಿಗೆ ಸಮಾಧಾನ ಹೇಳಿತು. ಎಕೊ ಆ ಸುಳ್ಳು ಸಮಾಧಾನಕ್ಕೆ ಒಪ್ಪಲಿಲ್ಲ, ಅದು ಸರಿಯೇ. ಆದರೆ ಲ್ಯಾಟಿನ್, ಗ್ರೀಕ್, ಅರಬ್ಬಿಗಳೆಲ್ಲ ತುಂಬಿರುವ ಈ ಕಾದಂಬರಿಯಲ್ಲಿ ಅವಳಾಡುವ ಮಾತು ಆಡ್ಸೊಗೆ ಅರ್ಥವೇ ಆಗುವುದಿಲ್ಲ, ಹೆಸರೂ ತಿಳಿಯುವುದಿಲ್ಲ. ಮಠ ಅವಳ ಬಾಯಿ ಕಟ್ಟಿದ್ದನ್ನು ತೋರಿಸಿದ ಲೇಖಕರು, ತಾವಾದರೂ ಅವಳಿಂದ ಒಂದು ಮಾತು ಆಡಿಸಬೇಕಿತ್ತು.