‘ಲಂಡನ್ನಿನಿಂದ ಈಗಷ್ಟೇ ಬಂದದ್ದು’: ಅಮೆರಿಕದ ವಸಾಹತು ಪತ್ರಿಕೆಗಳ ಜಾಹೀರಾತಿನಲ್ಲಿ ಔಷಧ, ಗೃಹವಸ್ತು ಮತ್ತು ನಂಬಿಕೆ

ಹಳೆಯ ಪತ್ರಿಕೆಗಳನ್ನು ಆಕರವಾಗಿ ಬಳಸುವ ಅಧ್ಯಯನಗಳಲ್ಲಿ ಜಾಹೀರಾತುಗಳಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ಸುದ್ದಿಯನ್ನೂ ಅಭಿಪ್ರಾಯವನ್ನೂ ಅನುಮಾನದಿಂದ ಪರಿಶೀಲಿಸುವ ಸಂಶೋಧಕರು ಜಾಹೀರಾತನ್ನು ಮಾತ್ರ ಸುಲಭವಾಗಿ ನಂಬುತ್ತಾರೆ. ಅಂದಿನ ಜನ ಏನನ್ನು ಕೊಂಡರು, ಯಾವ ರೋಗಕ್ಕೆ ಯಾವ ಮದ್ದು ಕುಡಿದರು ಎಂಬುದಕ್ಕೆ ಅದೊಂದು ಮುಗ್ಧ ದಾಸ್ತಾನು ಪಟ್ಟಿಯೆಂಬಂತೆ ಬಳಕೆಯಾಗುತ್ತದೆ. ಹದಿನೆಂಟನೆಯ ಶತಮಾನದ ಬ್ರಿಟಿಷ್ ಅಮೆರಿಕದ ಪತ್ರಿಕೆಗಳನ್ನು ಗಮನವಿಟ್ಟು ಓದಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ. ಅಲ್ಲಿನ ಜಾಹೀರಾತು ವಸ್ತುವನ್ನು ವಿವರಿಸುವುದಕ್ಕಿಂತ ಹೆಚ್ಚಾಗಿ ವಸ್ತುವಿನ ಕುರಿತ ನಂಬಿಕೆಯನ್ನು ಮಾರುತ್ತದೆ. ಆ ನಂಬಿಕೆಗೆ ಅಗತ್ಯವಿಲ್ಲದ್ದನ್ನು ಮರೆಮಾಡುತ್ತದೆ.

1704ರ ಏಪ್ರಿಲ್ 24ರಂದು ಬಾಸ್ಟನ್ನಿನ ಪೋಸ್ಟ್‌ಮಾಸ್ಟರ್ ಜಾನ್ ಕ್ಯಾಂಪ್‌ಬೆಲ್ ಹೊರತಂದ ‘ಬಾಸ್ಟನ್ ನ್ಯೂಸ್‌ಲೆಟರ್’ ತನ್ನ ಮೊದಲ ಸಂಚಿಕೆಯಲ್ಲಿಯೇ ಜಾಹೀರಾತುಗಳಿಗೆ ಆಹ್ವಾನ ನೀಡಿತು. ದರ ಹನ್ನೆರಡು ಪೆನ್ಸ್‌ನಿಂದ ಐದು ಶಿಲಿಂಗ್‌ವರೆಗೆ. ಮನೆ, ಹೊಲ, ಹಡಗು, ಸರಕು, ಓಡಿಹೋದ ಸೇವಕರು, ಕಳೆದುಹೋದ ವಸ್ತು ಎಲ್ಲಕ್ಕೂ ಅಲ್ಲಿ ಒಂದೇ ಅಂಕಣ. 1708ರ ಅಕ್ಟೋಬರ್‌ನಲ್ಲಿ ಅದೇ ಪತ್ರಿಕೆಯಲ್ಲಿ ಪುಸ್ತಕ ವ್ಯಾಪಾರಿ ನಿಕೋಲಸ್ ಬೂನ್ ‘ಡ್ಯಾಫಿಯ ಇಲಿಕ್ಸಿರ್’ ಎಂಬ ಔಷಧವನ್ನು ಅರ್ಧ ಪಿಂಟ್ ಬಾಟಲಿಗೆ ನಾಲ್ಕು ಶಿಲಿಂಗ್ ಆರು ಪೆನ್ಸ್‌ನಂತೆ ಮಾರಾಟಕ್ಕಿಟ್ಟನು. ಔಷಧದ ಗುಣವನ್ನು ಕುರಿತು ಅಲ್ಲಿರುವುದು ‘ತುಂಬ ಒಳ್ಳೆಯದು’ ಎಂಬಷ್ಟು ಮಾತು ಮಾತ್ರ.

ಈ ಮಿತಭಾಷೆ ಆಕಸ್ಮಿಕವಲ್ಲ. ಜಾರ್ಜ್ ಗ್ರಿಫೆನ್‌ಹೇಗನ್ ಮತ್ತು ಜೇಮ್ಸ್ ಹಾರ್ವೆ ಯಂಗ್ 1959ರಲ್ಲಿ ಪ್ರಕಟಿಸಿದ ಅಧ್ಯಯನವು ಇಂಗ್ಲೆಂಡಿನ ಪೇಟೆಂಟ್ ಔಷಧಗಳು ಅಮೆರಿಕದ ಪತ್ರಿಕೆಗಳಲ್ಲಿ ಬಹುಪಾಲು ಬರಿಯ ಹೆಸರುಗಳ ಪಟ್ಟಿಯಾಗಿಯೇ ಬರುತ್ತಿದ್ದುದನ್ನು ಗುರುತಿಸಿದೆ. ಇದನ್ನು ಜಾಹೀರಾತು ಕಲೆಯ ಬಾಲ್ಯಾವಸ್ಥೆಯೆಂದು ಓದುವುದು ಸುಲಭ. ಆದರೆ ಹೆಸರು ಹೇಳಿದರೆ ಸಾಕೆಂಬ ಸ್ಥಿತಿಯೇ ಒಂದು ಬಗೆಯ ವಾಕ್ಚಾತುರ್ಯ. ‘ಲಂಡನ್ನಿನಿಂದ ಈಗಷ್ಟೇ ಬಂದದ್ದು’ ಎಂಬ ಶಿರೋವಾಕ್ಯದ ಕೆಳಗೆ ಸ್ಟೌಟನ್, ಬೇಟ್‌ಮನ್, ಹೂಪರ್, ಟರ್ಲಿಂಗ್‌ಟನ್ ಮುಂತಾದ ಹೆಸರುಗಳು ಸಾಲಾಗಿ ನಿಂತಾಗ ಪ್ರಮಾಣವೆಂದು ಮುಂದಿಡುವುದು ಊರಿನ ಹೆಸರನ್ನೇ ಹೊರತು ಮದ್ದಿನ ಫಲವನ್ನಲ್ಲ. ‘ಪೇಟೆಂಟ್’ ಎಂಬ ಪದವೂ ಇಂಥದೇ. ಸ್ಟೌಟನ್ನನ ಇಲಿಕ್ಸಿರ್‌ಗೆ 1712ರಲ್ಲಿಯೂ ಟರ್ಲಿಂಗ್‌ಟನ್ನನ ಬಾಲ್ಸಮ್‌ಗೆ 1744ರಲ್ಲಿಯೂ ರಾಜಸನ್ನದು ದೊರೆತಿತ್ತು. ಡ್ಯಾಫಿಯದಕ್ಕೆ ಅದು ಇರಲೇ ಇಲ್ಲ. ಆದರೂ ಪಟ್ಟಿಯಲ್ಲಿ ಎಲ್ಲವೂ ಸಮಾನ ಗೌರವದಿಂದ ನಿಲ್ಲುತ್ತವೆ.

ನಂಬಿಕೆಯು ಒಳಗಿನ ದ್ರವದಿಂದ ಹೊರಗಿನ ಗಾಜಿಗೆ ವರ್ಗಾವಣೆಯಾದ ಬಗೆಗೆ ಟರ್ಲಿಂಗ್‌ಟನ್ನನೇ ಸಾಕ್ಷಿ. ನಕಲಿಗಳ ಕಾಟ ತಡೆಯಲು ಅವನು ಬಾಟಲಿಯ ಆಕಾರವನ್ನೇ ಬದಲಿಸಿ, 1754ರ ದಿನಾಂಕವನ್ನು ಗಾಜಿನ ಮೇಲೆ ಉಬ್ಬಕ್ಷರದಲ್ಲಿ ಮೂಡಿಸಿದನು. ಮುಂದೆ ಅಮೆರಿಕದ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಆಮದು ಕಡಿದುಹೋದಾಗ ಸ್ಥಳೀಯರು ಖಾಲಿ ಬಾಟಲಿಗಳಿಗೆ ತಮ್ಮದೇ ಮಿಶ್ರಣ ತುಂಬಿ ಮಾರಿದರು. ಇದರ ಪರಿಣಾಮ ಗಂಭೀರವಾದುದು. 1821ರಲ್ಲಿ ಸ್ಥಾಪನೆಯಾದ ಫಿಲಡೆಲ್ಫಿಯಾ ಔಷಧಶಾಸ್ತ್ರ ಕಾಲೇಜು 1824ರಲ್ಲಿ ಇಂಥ ಎಂಟು ಔಷಧಗಳಿಗೆ ನಿಶ್ಚಿತ ಸೂತ್ರಗಳನ್ನು ಪ್ರಕಟಿಸಬೇಕಾಯಿತು. ಒಂದೇ ಹೆಸರಿನಲ್ಲಿ ಚಲಾವಣೆಯಲ್ಲಿದ್ದ ಪಾಕಗಳಲ್ಲಿ ಅಫೀಮಿನ ಪ್ರಮಾಣ ಹಲವು ಪಟ್ಟು ಏರುಪೇರಾಗುತ್ತಿದ್ದುದು ಇದಕ್ಕೆ ಒಂದು ಕಾರಣ. ಆ ಎಂಟರಲ್ಲಿ ಹಸುಗೂಸುಗಳ ಅಳು ನಿಲ್ಲಿಸಲು ಕೊಡುತ್ತಿದ್ದ ‘ಗಾಡ್‌ಫ್ರೇಯ ಕಾರ್ಡಿಯಲ್’ ಕೂಡ ಸೇರಿತ್ತು. ಹೆಸರು ಬದಲಾಗಲಿಲ್ಲ, ಬಾಟಲಿ ಬದಲಾಗಲಿಲ್ಲ. ತೊಟ್ಟಿಲಿನ ಮಗುವಿನ ಬಾಯಿಗೆ ಬೀಳುತ್ತಿದ್ದುದು ಮಾತ್ರ ಬದಲಾಗುತ್ತಿತ್ತು. ಜಾಹೀರಾತನ್ನು ಬಳಕೆಯ ದಾಖಲೆಯೆಂದು ಎಣಿಸುವವರು ಈ ಅಂತರವನ್ನು ಕಾಣಲಾರರು.

ಗೃಹವಸ್ತುಗಳ ವಿಷಯದಲ್ಲಿ ಮರೆಯಾಗುವುದು ಮೂಲ. ಅಂಗಡಿಕಾರರ ಪಟ್ಟಿಗಳಲ್ಲಿ ಔಷಧದ ಪಕ್ಕದಲ್ಲಿಯೇ ಕ್ಯಾಲಿಕೊ, ಚಿಂಟ್ಸ್, ಮಸ್ಲಿನ್ ಬಟ್ಟೆಗಳು ಬರುತ್ತವೆ. ಕ್ಯಾಲಿಕೊ ಎಂಬ ಹೆಸರಿನಲ್ಲಿ ಕಲ್ಲಿಕೋಟೆ ಅಡಗಿದೆ; ಚಿಂಟ್ಸ್ ಕನ್ನಡಿಗರಿಗೆ ಚೀಟಿ ಬಟ್ಟೆಯಾಗಿ ಪರಿಚಿತ. ಇಂಗ್ಲೆಂಡಿನ ನೇಕಾರರ ಒತ್ತಡದಿಂದ 1700 ಮತ್ತು 1721ರ ಕಾಯಿದೆಗಳು ಇಂಥ ಬಣ್ಣದ ಬಟ್ಟೆಗಳ ಬಳಕೆಯನ್ನು ಆ ದೇಶದೊಳಗೆ ನಿಷೇಧಿಸಿದವು. ಆದರೆ ಮರುರಫ್ತಿಗೆ ಅಡ್ಡಿಯಿರಲಿಲ್ಲ. ಹೀಗಾಗಿ ಕೋರಮಂಡಲ ತೀರದ ನೇಕಾರರ ಮತ್ತು ಬಣ್ಣಗಾರರ ಕೈಕೆಲಸವು ಲಂಡನ್ನಿನ ಉಗ್ರಾಣಗಳನ್ನು ಹಾದು ಅಮೆರಿಕದ ವಸಾಹತುಗಳನ್ನು ಸೇರುತ್ತಿತ್ತು. ಅಲ್ಲಿಗೆ ತಲುಪುವಾಗ ಅದೂ ‘ಲಂಡನ್ನಿನಿಂದ ಬಂದ’ ಸರಕಾಗಿತ್ತು. ಔಷಧದಲ್ಲಿ ಘಟಕಾಂಶವನ್ನು ಮುಚ್ಚಿದ ಅದೇ ನುಡಿಗಟ್ಟು ಬಟ್ಟೆಯಲ್ಲಿ ದುಡಿಮೆಯನ್ನು ಮುಚ್ಚಿತು.

ಮುದ್ರಕನ ಪಾತ್ರ ಇನ್ನೊಂದು ಮರೆ. ಬೆಂಜಮಿನ್ ಫ್ರಾಂಕ್ಲಿನ್ 1729ರಲ್ಲಿ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯನ್ನು ಕೈಗೆತ್ತಿಕೊಂಡನು. 1731ರಲ್ಲಿ ಅವನ ಪತ್ನಿಯ ತಾಯಿ, ವಿಧವೆ ರೀಡ್, ತುರಿಗಜ್ಜಿಯ ಮುಲಾಮನ್ನು ಅವನ ಮುದ್ರಣಾಲಯದಲ್ಲಿಯೇ ಮಾರುತ್ತಿರುವುದಾಗಿ ಅದೇ ಪತ್ರಿಕೆ ತಿಳಿಸಿತು. ಅವನ ಸೋದರರು ತಯಾರಿಸುತ್ತಿದ್ದ ‘ಕ್ರೌನ್ ಸೋಪ್’ ಕೂಡ ಅಲ್ಲಿ ದೊರೆಯುತ್ತಿತ್ತು. ಪತ್ರಿಕೆ, ಅಂಗಡಿ, ಕುಟುಂಬ ಮೂರೂ ಒಂದೇ ಸೂರಿನಡಿ ಇದ್ದವು. ಅದೇ ಅಂಕಣದಲ್ಲಿ ಗುಲಾಮರ ಮಾರಾಟದ ಪ್ರಕಟಣೆಗಳೂ ಇದ್ದವು. ಹಲವಕ್ಕೆ ಮಾರುವವನ ಹೆಸರಿಲ್ಲ, ‘ಮುದ್ರಕನಲ್ಲಿ ವಿಚಾರಿಸಿ’ ಎಂಬ ಸೂಚನೆ ಮಾತ್ರ. ಅಂದರೆ ಮುದ್ರಕನು ಕೇವಲ ಅಕ್ಷರ ಜೋಡಿಸುವವನಾಗಿರದೆ ವ್ಯವಹಾರದ ಮಧ್ಯವರ್ತಿಯಾಗಿದ್ದನು. 1787ರಲ್ಲಿ ಫ್ರಾಂಕ್ಲಿನ್ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದುದು ನಿಜ. ಆದರೆ ಅವನ ಪತ್ರಿಕೆ ಬೆಳೆದ ಆದಾಯದಲ್ಲಿ ಆ ಪ್ರಕಟಣೆಗಳ ಪಾಲೂ ಇತ್ತೆಂಬುದನ್ನು ಅದು ಅಳಿಸಲಾರದು. ಸೋಪಿಗೂ ಮುಲಾಮಿಗೂ ಮನುಷ್ಯನಿಗೂ ಒಂದೇ ಅಳತೆಯ ಅಚ್ಚು, ಒಂದೇ ನಿರುದ್ವಿಗ್ನ ಧಾಟಿ ಬಳಕೆಯಾಗಿರುವುದೇ ಈ ಪುಟಗಳ ಅತ್ಯಂತ ಕಠೋರ ಸಂಗತಿ.

ಇದರಿಂದ ಅಧ್ಯಯನದ ವಿಧಾನದ ಬಗ್ಗೆ ಒಂದು ಪ್ರಶ್ನೆ ಏಳುತ್ತದೆ. ಸಂಕಲನಗಳಲ್ಲಿಯೂ ಗಣಕೀಕೃತ ಸಂಗ್ರಹಗಳಲ್ಲಿಯೂ ಜಾಹೀರಾತುಗಳು ವಿಷಯವಾರು ಬಿಡಿಯಾಗಿ ದೊರೆಯುತ್ತವೆ: ಔಷಧಗಳು ವೈದ್ಯಕೀಯ ಚರಿತ್ರೆಗೆ, ಬಟ್ಟೆಗಳು ವಾಣಿಜ್ಯ ಚರಿತ್ರೆಗೆ, ಗುಲಾಮರ ಪ್ರಕಟಣೆಗಳು ಮತ್ತೊಂದು ವಿಭಾಗಕ್ಕೆ. ಈ ವಿಂಗಡಣೆ ಅನುಕೂಲಕರವಾದರೂ ಅಂದಿನ ಓದುಗನ ಕಣ್ಣಿಗೆ ಒಟ್ಟಿಗೆ ಬಿದ್ದದ್ದನ್ನು ಅದು ಬೇರ್ಪಡಿಸುತ್ತದೆ. ಗ್ರಂಥಾಲಯಗಳು ಪೂರ್ಣ ಪುಟವನ್ನು ಉಳಿಸಿಕೊಡುವುದು, ಸಂಶೋಧಕರು ಅಂಕಣವನ್ನು ಮೇಲಿನಿಂದ ಕೆಳಗಿನವರೆಗೆ ಓದುವುದು ಆದ್ದರಿಂದ ಅನಿವಾರ್ಯ.

ಭಾರತದ ಪತ್ರಿಕಾ ಚರಿತ್ರೆಗೂ ಈ ಎಚ್ಚರ ಅನ್ವಯಿಸುತ್ತದೆ. 1780ರ ಹಿಕ್ಕಿಯ ‘ಬೆಂಗಾಲ್ ಗೆಜೆಟ್’ ತನ್ನನ್ನು ‘ಕಲ್ಕತ್ತಾ ಜನರಲ್ ಅಡ್ವರ್ಟೈಸರ್’ ಎಂದೂ ಕರೆದುಕೊಂಡಿತ್ತು; ಸುದ್ದಿಯಷ್ಟೇ ಜಾಹೀರಾತೂ ಅದರ ಹೆಸರಿನ ಭಾಗವಾಗಿತ್ತು. 1843ರ ‘ಮಂಗಳೂರ ಸಮಾಚಾರ’ದಿಂದ ಮೊದಲ್ಗೊಂಡ ಕನ್ನಡ ಪತ್ರಿಕೆಗಳ ಅಧ್ಯಯನದಲ್ಲಿಯೂ ಪ್ರಕಟಣೆಗಳನ್ನು ಪುಟದ ಅಂಚಿನ ಅಲಂಕಾರವೆಂದು ಬದಿಗಿಡದೆ, ಅವು ಯಾರ ನಂಬಿಕೆಯನ್ನು ಬೇಡಿದವು, ಯಾರ ದುಡಿಮೆಯನ್ನು ಹೇಳದೆ ಬಿಟ್ಟವು ಎಂದು ಕೇಳಬೇಕಾಗಿದೆ.