ಅನಿಷ್ಟನಿವೃತ್ತಿಯೂ ಇಷ್ಟಪ್ರಾಪ್ತಿಯೂ: ಲ್ಯಾಂಪೋರ್ಟರ ‘ಸ್ಪೆಸಿಫೈಯಿಂಗ್ ಸಿಸ್ಟಮ್ಸ್’ ಗ್ರಂಥದ ಒಂದು ತೀರ್ಮಾನದ ವಿಮರ್ಶೆ

ಲೆಸ್ಲಿ ಲ್ಯಾಂಪೋರ್ಟರು ೨೦೦೨ನೆಯ ಇಸವಿಯಲ್ಲಿ ಪ್ರಕಟಿಸಿದ ‘ಸ್ಪೆಸಿಫೈಯಿಂಗ್ ಸಿಸ್ಟಮ್ಸ್’ ಎಂಬ ಗ್ರಂಥವು ಗಣಕಶಾಸ್ತ್ರಕ್ಕೆ ಸೇರಿದುದಾದರೂ ಸ್ವರೂಪದಲ್ಲಿ ಲಕ್ಷಣಗ್ರಂಥವೇ ಸರಿ. ಯಂತ್ರವನ್ನು ಕಟ್ಟುವ ಬಗೆಯನ್ನು ಅದು ಹೇಳುವುದಿಲ್ಲ. ಕಟ್ಟಬೇಕಾದುದು ಏನನ್ನು ಮಾಡತಕ್ಕದ್ದೆಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ನುಡಿಯುವ ಬಗೆಯನ್ನು ಹೇಳುತ್ತದೆ. ಲಕ್ಷಣವಾಕ್ಯವನ್ನು ಒರೆಗೆ ಹಚ್ಚುವುದು ಅಲಂಕಾರ ತರ್ಕಗಳಲ್ಲಿ ಪಳಗಿದವರಿಗೆ ಹೊಸ ಕೆಲಸವಲ್ಲ. ಆದುದರಿಂದ ಈ ಗ್ರಂಥವನ್ನು ಯಂತ್ರಜ್ಞರಿಗೆ ಮೀಸಲೆಂದು ಬದಿಗಿಡತಕ್ಕದ್ದಲ್ಲ. ಇದರ ಎಂಟನೆಯ ಅಧ್ಯಾಯದಲ್ಲಿ ಗ್ರಂಥಕರ್ತರು ಕೈಕೊಂಡಿರುವ ಒಂದು ತೀರ್ಮಾನವು ಗ್ರಂಥದ ಉಳಿದ ಭಾಗದ ಸೂಕ್ಷ್ಮತೆಗೆ ಒಪ್ಪುವಂತಹುದೇ ಎಂಬುದು ವಿಚಾರಾರ್ಹವಾಗಿದೆ.

ವಿಷಯದ ತೊಡಕು ಎಲ್ಲಿದೆಯೆಂಬುದನ್ನು ಮೊದಲು ತಿಳಿಯಬೇಕು. ಒಂದೇ ಕ್ರಮವಿಧಿಯು ಒಂದಾದಮೇಲೊಂದು ಹೆಜ್ಜೆಯಿಟ್ಟು ನಡೆಯುವಾಗ ಅದರ ದಾರಿ ಒಂದೇ. ಎರಡು ಕ್ರಮವಿಧಿಗಳು ಏಕಕಾಲದಲ್ಲಿ ಪ್ರವೃತ್ತವಾಗಿ ಒಂದೇ ನೆನಪಿನ ಕೋಶವನ್ನು ಓದುತ್ತಲೂ ತಿದ್ದುತ್ತಲೂ ಇರುವಾಗ, ಯಾವುದರ ಹೆಜ್ಜೆ ಯಾವುದರ ಹೆಜ್ಜೆಗೆ ಮುಂಚೆ ಬೀಳುವುದೆಂಬ ನಿಯಮವಿಲ್ಲ. ಒಂದೊಂದಕ್ಕೆ ಹತ್ತೇ ಹೆಜ್ಜೆಗಳಿದ್ದರೂ ಅವು ಪರಸ್ಪರ ಹೆಣೆದುಕೊಳ್ಳುವ ಬಗೆಗಳು ೧,೮೪,೭೫೬. ಮೂರು ಕ್ರಮವಿಧಿಗಳಾದರೆ ಐದೂವರೆ ಲಕ್ಷ ಕೋಟಿಗೂ ಮಿಗಿಲು. ಇವನ್ನೆಲ್ಲ ಒಂದೊಂದಾಗಿ ಓಡಿಸಿ ನೋಡುವುದು ಮನುಷ್ಯಪ್ರಯತ್ನಕ್ಕೆ ಮೀರಿದುದು. ಸಾವಿರ ಸಲ ಸರಿಯಾಗಿ ನಡೆದ ಯಂತ್ರವು ಸಾವಿರದೊಂದನೆಯ ಸಲ ಎಡವಬಹುದು. ಎಡವಿದ ಬಗೆಯನ್ನು ಮತ್ತೆ ಕಾಣಿಸೆಂದರೆ ಕಾಣಿಸದಿರಲೂಬಹುದು. ಪರೀಕ್ಷೆಯಿಂದ ದೋಷವಿರುವುದು ತಿಳಿಯಬಹುದೇ ಹೊರತು ಇಲ್ಲದಿರುವುದು ತಿಳಿಯದು. ತರ್ಕಕ್ಕೆ ಇಲ್ಲಿ ಪ್ರವೇಶ ದೊರೆತುದು ಈ ಕಾರಣದಿಂದ.

೧೯೬೫ರಲ್ಲಿ ಹಾಲೆಂಡಿನ ಡೈಕ್‌ಸ್ಟ್ರಾ ಅವರು ಒಂದು ಸಮಸ್ಯೆಯನ್ನು ಮುಂದಿಟ್ಟು ತಾವೇ ಪರಿಹಾರವನ್ನೂ ಕೊಟ್ಟರು: ಹಲವು ಕ್ರಮವಿಧಿಗಳಿವೆ; ಒಂದು ಒಳಮನೆಯಿದೆ; ಅದರಲ್ಲಿ ಒಂದು ಹೊತ್ತಿಗೆ ಒಂದೇ ಇರತಕ್ಕದ್ದು. ಮರುವರ್ಷದ ಜನವರಿಯಲ್ಲಿ ಹೈಮನ್ ಎಂಬವರು ಎರಡೇ ಕ್ರಮವಿಧಿಗಳಿಗೆ ಸಾಲುವ ಸುಲಭೋಪಾಯವೊಂದನ್ನು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಸರದಿ ಯಾರದೆಂದು ತೋರಿಸುವ ಒಂದು ಗುರುತು. ಪ್ರವೇಶವನ್ನು ಬಯಸಿದವನು ಎತ್ತಿಹಿಡಿಯಬೇಕಾದ ಒಂದೊಂದು ಬಾವುಟ. ಸರದಿ ಮೊದಲನೆಯವನದೆಂದಿಟ್ಟುಕೊಳ್ಳೋಣ. ಎರಡನೆಯವನು ಬಾವುಟವೆತ್ತಿ, ಸರದಿ ತನ್ನದಲ್ಲವೆಂದು ಕಂಡು, ಮೊದಲನೆಯವನ ಬಾವುಟದತ್ತ ನೋಡುತ್ತಾನೆ. ಅದು ಇಳಿದಿದೆ, ಸರದಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ತಿರುಗಿಸುವ ಮುನ್ನ ಕ್ಷಣಕಾಲ ತಡೆಯುತ್ತಾನೆ. ಆ ಎಡೆಯಲ್ಲಿ ಮೊದಲನೆಯವನು ಬಾವುಟವೆತ್ತಿ, ಸರದಿ ತನ್ನದೇ ಆಗಿರುವುದನ್ನು ಕಂಡು ಒಳಹೊಗುತ್ತಾನೆ. ಬಳಿಕ ಎರಡನೆಯವನು ಸರದಿಯನ್ನು ತನ್ನದಾಗಿಸಿಕೊಂಡು, ತನ್ನದೇ ಎಂದು ಕಂಡು, ತಾನೂ ಒಳಹೊಗುತ್ತಾನೆ. ಇಬ್ಬರೂ ಒಳಗೆ! ಪರಿಹಾರವು ಎಷ್ಟು ಚಿಕ್ಕದೆಂದರೆ ಅಂಗೈಯಲ್ಲಿ ಬರೆಯಬಹುದು. ಆದರೂ ದೋಷವು ಕಣ್ಣಿಗೆ ಬೀಳಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಕ್ನೂಥರು ಇದನ್ನು ಖಂಡಿಸಿದರು. ಆದರೆ ಅವರ ಲೇಖನವು ಹೈಮನ್ನರ ತಪ್ಪಿಗೆ ನಿಲ್ಲಲಿಲ್ಲವೆಂಬುದು ಗಮನಾರ್ಹ. ಡೈಕ್‌ಸ್ಟ್ರಾ ಅವರ ಪರಿಹಾರದಲ್ಲಿ ಇಬ್ಬರು ಒಳಗೆ ಸೇರುವುದಿಲ್ಲ. ಕಾದಿರುವವರಲ್ಲಿ ಯಾರಾದರೊಬ್ಬರು ಒಳಹೊಕ್ಕೇ ಹೊಗುತ್ತಾರೆ. ಆದರೆ ಇಂತಹವನೊಬ್ಬನು, ಉಳಿದವರು ಮತ್ತೆ ಮತ್ತೆ ಹೊಕ್ಕು ಬರುತ್ತಿರಲು, ಬಾಗಿಲಲ್ಲೇ ಎಂದೆಂದಿಗೂ ನಿಂತಿರಬಹುದು. ಇದನ್ನೂ ಕ್ನೂಥರು ಅಲ್ಲಿಯೇ ಎತ್ತಿತೋರಿಸಿ, ಯಾರೂ ಹಾಗೆ ನಿಲ್ಲದಂತಹ ಬೇರೊಂದು ವಿಧಾನವನ್ನು ಕೊಟ್ಟರು. ಒಂದೇ ಚಿಕ್ಕ ಲೇಖನದಲ್ಲಿ ಎರಡು ಬಗೆಯ ದೋಷಗಳು ಹೊರಬಿದ್ದುವು: ಆಗಬಾರದುದು ಆಗುವುದು ಒಂದು, ಆಗಬೇಕಾದುದು ಆಗದಿರುವುದು ಮತ್ತೊಂದು.

ಈ ಎರಡಕ್ಕೂ ಹೆಸರಿಟ್ಟವರು ಲ್ಯಾಂಪೋರ್ಟರೇ. ೧೯೭೭ರ ಲೇಖನವೊಂದರಲ್ಲಿ ಅವರು ಮೊದಲನೆಯದನ್ನು ತಡೆಯುವ ಧರ್ಮವನ್ನು ‘ಸೇಫ್ಟಿ’ ಎಂದೂ, ಎರಡನೆಯದನ್ನು ತಡೆಯುವ ಧರ್ಮವನ್ನು ‘ಲೈವ್‌ನೆಸ್’ ಎಂದೂ ಕರೆದರು. ನಮ್ಮ ಶಾಸ್ತ್ರಪರಿಭಾಷೆಯಲ್ಲಿ ಇವನ್ನು ಅನಿಷ್ಟನಿವೃತ್ತಿ, ಇಷ್ಟಪ್ರಾಪ್ತಿ ಎನ್ನಬಹುದು. ಅದೇ ವರ್ಷ ಪ್ನುಯೇಲಿ ಅವರು, ಪ್ರಯರ್ ಎಂಬ ತತ್ತ್ವಜ್ಞರು ಬೆಳೆಸಿದ್ದ ಕಾಲತರ್ಕವನ್ನು ಕ್ರಮವಿಧಿಗಳಿಗೆ ಅನ್ವಯಿಸಿ, ‘ಸದಾ’ ಎಂಬ ಅರ್ಥದ ಒಂದು ಚಿಹ್ನೆಯಿಂದಲೂ ‘ಎಂದಾದರೊಮ್ಮೆ’ ಎಂಬ ಅರ್ಥದ ಮತ್ತೊಂದು ಚಿಹ್ನೆಯಿಂದಲೂ ಇವೆರಡನ್ನು ನುಡಿಯಬಹುದೆಂದು ತೋರಿಸಿದರು. ಅವರಿಗೆ ೧೯೯೬ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಲ್ಯಾಂಪೋರ್ಟರಿಗೆ ೨೦೧೩ರ ಪ್ರಶಸ್ತಿ. ಯಾವ ಧರ್ಮವನ್ನೇ ತೆಗೆದುಕೊಂಡರೂ ಅದು ಒಂದು ಅನಿಷ್ಟನಿವೃತ್ತಿ ಒಂದು ಇಷ್ಟಪ್ರಾಪ್ತಿಗಳ ಕೂಟವೆಂಬುದನ್ನು ಆಲ್ಪರ್ನ್, ಶ್ನೈಡರ್ ಎಂಬವರು ೧೯೮೫ರಲ್ಲಿ ಸಾಧಿಸಿದರು.

ಇವೆರಡರ ಭೇದವು ಮೇಲುನೋಟಕ್ಕೆ ಕಾಣುವುದಕ್ಕಿಂತ ಆಳವಾದುದು. ನೈಯಾಯಿಕರು ಅಭಾವವನ್ನು ವಿಂಗಡಿಸುವಾಗ ಪ್ರಾಗಭಾವವನ್ನೂ ಅತ್ಯಂತಾಭಾವವನ್ನೂ ಬೇರ್ಪಡಿಸುತ್ತಾರೆ. ಗಡಿಗೆ ಹುಟ್ಟುವ ಮುನ್ನ ಇರುವ ಅದರ ಅಭಾವವು ಅನಾದಿಯಾದರೂ ಸಾಂತ. ಗಡಿಗೆ ಹುಟ್ಟಿದೊಡನೆ ಅಳಿಯುತ್ತದೆ. ವಾಯುವಿನಲ್ಲಿ ರೂಪವಿಲ್ಲದಿರುವುದಾದರೋ ಎಂದಿಗೂ ಅಳಿಯದ ಅಭಾವ. ಅನಿಷ್ಟದ ಅತ್ಯಂತಾಭಾವವನ್ನು ಹೇಳುವುದು ಅನಿಷ್ಟನಿವೃತ್ತಿ. ಇಷ್ಟವು ಇನ್ನೂ ಬಾರದಿರುವುದು ಪ್ರಾಗಭಾವವೇ ಎಂದು ಹೇಳುವುದು ಇಷ್ಟಪ್ರಾಪ್ತಿ. ಬಾಗಿಲಲ್ಲಿ ನಿಂತವನನ್ನು ಹತ್ತು ಗಳಿಗೆ ನೋಡಿದರೂ ನೂರು ಗಳಿಗೆ ನೋಡಿದರೂ ಅವನ ಪ್ರವೇಶದ ಅಭಾವವು ಈ ಎರಡರಲ್ಲಿ ಯಾವುದೆಂದು ನೋಟದಿಂದ ನಿರ್ಣಯಿಸಲಾಗದು. ಅನಿಷ್ಟವು ಸಂಭವಿಸಿದರೆ ಸಂಭವಿಸಿದ ಕ್ಷಣವನ್ನು ಬೆರಳಿಟ್ಟು ತೋರಿಸಬಹುದು. ಇಷ್ಟವು ತಪ್ಪಿದ ಕ್ಷಣವೆಂಬುದೇ ಇಲ್ಲ. (ಪ್ರಾಚೀನ ನೈಯಾಯಿಕರಿಗೆ ಗಣಕಶಾಸ್ತ್ರ ತಿಳಿದಿತ್ತೆಂದು ಇದರಿಂದ ಸಾಧಿಸಹೊರಡುವವರಿಗೆ ದೊಡ್ಡ ನಮಸ್ಕಾರ. ಪರಿಭಾಷೆ ಉಪಯೋಗಕ್ಕೆ ಬರುತ್ತದೆ, ಅಷ್ಟೆ.)

ಇನ್ನು ಗ್ರಂಥಕ್ಕೆ ಬರೋಣ. ಇದರ ಗುಣಗಳು ದೊಡ್ಡವು. ಹೊಸ ಹೊಸ ಸಂಕೇತಗಳನ್ನು ಹೇರದೆ, ಗಣಿತದಲ್ಲಿ ಎಲ್ಲರೂ ಬಲ್ಲ ಸಮುದಾಯಗಳನ್ನೂ ‘ಮತ್ತು’, ‘ಅಥವಾ’, ‘ಇಲ್ಲ’ಗಳನ್ನೂ ಬಳಸಿ, ಅವುಗಳ ಮೇಲೆ ಕಾಲತರ್ಕದ ಅತ್ಯಲ್ಪ ಅಂಶವನ್ನಿರಿಸಿ ಟಿ. ಎಲ್. ಎ. ಪ್ಲಸ್ ಎಂಬ ಭಾಷೆಯನ್ನು ಕಟ್ಟಿದ್ದಾರೆ. ಸಹವಾಕ್ಯಗಳನ್ನು ಪದ್ಯದ ಪಾದಗಳಂತೆ ಒಂದರ ಕೆಳಗೊಂದಾಗಿ ಜೋಡಿಸುವ ಅವರ ಪದ್ಧತಿಯಿಂದ ಉದ್ದನೆಯ ಸೂತ್ರವೂ ಓದಲು ಸುಲಭ. ವಿದ್ವತ್ಪುಸ್ತಕಗಳ ಮುದ್ರಣಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಲೇಟೆಕ್ ಸಾಧನವನ್ನು ರಚಿಸಿದವರೂ ಇವರೇ ಆದುದರಿಂದ ಪುಟದ ಅಂದದಲ್ಲಿ ಇವರಿಗಿರುವ ಆಸ್ಥೆ ಆಶ್ಚರ್ಯವಲ್ಲ.

ಎರಡನೆಯ ಅಧ್ಯಾಯದಲ್ಲಿ ಅವರು ಗಂಟೆಯನ್ನು ಮಾತ್ರ ತೋರಿಸುವ ಒಂದು ಗಡಿಯಾರದ ಲಕ್ಷಣವನ್ನು ಹೇಳುತ್ತಾರೆ: ಮೊದಲು ಅದು ಒಂದರಿಂದ ಹನ್ನೆರಡರೊಳಗಿನ ಯಾವುದಾದರೊಂದು ಗಂಟೆಯನ್ನು ತೋರಿಸತಕ್ಕದ್ದು, ಮುಂದಿನ ಪ್ರತಿ ಹೆಜ್ಜೆಯಲ್ಲಿಯೂ ಒಂದು ಗಂಟೆ ಮುಂದಕ್ಕೆ ಹೋಗತಕ್ಕದ್ದು, ಹನ್ನೆರಡಾದಮೇಲೆ ಒಂದು. ಇಷ್ಟೇ ಹೇಳಿದರೆ ಅವ್ಯಾಪ್ತಿ. ಗಂಟೆಯ ಜೊತೆಗೆ ಹವೆಯ ಉಷ್ಣಮಾನವನ್ನೂ ತೋರಿಸುವ ಯಂತ್ರವೊಂದಿದ್ದರೆ, ಅದರಲ್ಲಿ ಉಷ್ಣಮಾನ ಬದಲಾಗಿ ಗಂಟೆ ಬದಲಾಗದ ಹೆಜ್ಜೆಗಳೂ ಉಂಟು. ಆ ಯಂತ್ರವೂ ಗಡಿಯಾರವೇ. ಆದರೆ ಲಕ್ಷಣವು ಅದಕ್ಕೆ ಹೊಂದದು. ಆದುದರಿಂದ ‘ಗಂಟೆ ಬದಲಾಗದೆಯೂ ಇರಬಹುದು’ ಎಂಬುದನ್ನು ಪ್ರತಿ ಹೆಜ್ಜೆಗೂ ಸೇರಿಸುತ್ತಾರೆ. ಮೇಲಣ ಸ್ಥೂಲಲಕ್ಷಣವು ಕೆಳಗಣ ಸೂಕ್ಷ್ಮರಚನೆಗೂ ಹೊಂದುವಂತಾಗುವುದು ಈ ಒಂದು ಸೇರ್ಪಡೆಯಿಂದಲೇ. ಗ್ರಂಥದ ಅತ್ಯಂತ ಚೆಲುವಾದ ಉಪಾಯವಿದು.

ಆದರೆ ಅವ್ಯಾಪ್ತಿಯನ್ನು ಕಳೆದುಕೊಂಡ ಲಕ್ಷಣವು ಆ ಕ್ಷಣದಲ್ಲೇ ಅತಿವ್ಯಾಪ್ತಿಗೆ ಸಿಕ್ಕಿತು. ಗಂಟೆ ಬದಲಾಗದೆ ಇರಬಹುದಾದರೆ, ಎಂದೆಂದಿಗೂ ಬದಲಾಗದೆ ಇರಬಹುದು; ನಿಂತುಹೋದ ಗಡಿಯಾರವೂ ಲಕ್ಷಣಕ್ಕೆ ಒಳಪಟ್ಟಿತು! ಕೊಂಬಿರುವುದು ಗೋವಿನ ಲಕ್ಷಣವೆಂದರೆ ಎಮ್ಮೆಯೂ ಗೋವಾದಂತೆ. ಇದನ್ನು ಗ್ರಂಥಕರ್ತರು ಬಲ್ಲರು. ಎಂಟನೆಯ ಅಧ್ಯಾಯದಲ್ಲಿ ಅವರೇ ಇದನ್ನು ಹೇಳಿ, ನಿಷ್ಪಕ್ಷಪಾತವೆಂಬ ನಿಯಮವನ್ನು ಕೂಡಿಸಿ ಲಕ್ಷಣವನ್ನು ಪೂರ್ಣಗೊಳಿಸುತ್ತಾರೆ. ಆ ನಿಯಮ ಎರಡು ಬಗೆ. ಬಾಗಿಲು ಒಮ್ಮೆ ತೆರೆದು ಮತ್ತೆ ಮುಚ್ಚದೆ ಹಾಗೆಯೇ ಇದ್ದರೆ ಕಾದವನಿಗೆ ಎಂದಾದರೊಮ್ಮೆ ಪ್ರವೇಶ ದೊರೆಯಲೇಬೇಕೆಂಬುದು ದುರ್ಬಲ ನಿಯಮ. ಮುಚ್ಚುತ್ತ ತೆರೆಯುತ್ತ ಇದ್ದರೂ, ತೆರೆಯುವುದು ಎಂದಿಗೂ ನಿಲ್ಲದಿದ್ದರೆ, ಪ್ರವೇಶ ದೊರೆಯಲೇಬೇಕೆಂಬುದು ಪ್ರಬಲ ನಿಯಮ. ಗಡಿಯಾರಕ್ಕೆ ಮೊದಲನೆಯದು ಸಾಕು. ಒಳಮನೆಯ ಮುಂದೆ ಕಾದವನಿಗೆ ಎರಡನೆಯದೂ ಬೇಕಾದೀತು. ಈ ವಿವೇಚನೆಯೆಲ್ಲ ಅತಿ ನಿರ್ಮಲ.

ಹೀಗಿದ್ದೂ ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ ಇಷ್ಟಪ್ರಾಪ್ತಿಯ ಅಪ್ರಾಧಾನ್ಯವೆಂಬ ಅರ್ಥದ ಶೀರ್ಷಿಕೆಯಿಟ್ಟು, ತತ್ತ್ವದೃಷ್ಟಿಯಿಂದ ಅದು ಮುಖ್ಯವಾದರೂ ವ್ಯವಹಾರದಲ್ಲಿ ಅಷ್ಟು ಮುಖ್ಯವಲ್ಲವೆಂದೂ, ಲಕ್ಷಣ ಬರೆಯುವುದರ ಫಲವೆಲ್ಲ ಬಹುಮಟ್ಟಿಗೆ ಅನಿಷ್ಟನಿವೃತ್ತಿಯ ಭಾಗದಿಂದಲೇ ದೊರೆಯುವುದೆಂದೂ ಗ್ರಂಥಕರ್ತರು ಹೇಳುತ್ತಾರೆ. ೧೯೭೭ರಲ್ಲಿ ಹೆಸರಿಟ್ಟು ಕರೆದ ಕೂಸನ್ನು ೨೦೦೨ರಲ್ಲಿ ಪಂಕ್ತಿಯ ತುದಿಗೆ ಕೂರಿಸಿದಂತಾಯಿತು.

ಅವರ ಪಕ್ಷಕ್ಕೆ ಬಲವಿಲ್ಲವೆನ್ನಲಾಗದು. ಅಮೆಜಾನ್ ಸಂಸ್ಥೆಯ ಎಂಜಿನಿಯರುಗಳು ೨೦೧೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಮ್ಮ ದತ್ತಾಂಶ ಸಂಗ್ರಹವೊಂದರ ಲಕ್ಷಣವನ್ನು ಈ ಭಾಷೆಯಲ್ಲಿ ಬರೆದು ಪರೀಕ್ಷಿಸಿದಾಗ, ಸಂಗ್ರಹಿಸಿದುದು ಕಳೆದುಹೋಗುವಂತಹ ದೋಷವೊಂದು ಸಿಕ್ಕಿತೆಂದೂ, ಅದು ಪ್ರಕಟವಾಗಲು ಕನಿಷ್ಠಪಕ್ಷ ೩೫ ಹೆಜ್ಜೆಗಳು ಒಂದು ನಿಯತಕ್ರಮದಲ್ಲಿ ಬೀಳಬೇಕಾಗಿತ್ತೆಂದೂ ತಿಳಿಸಿದ್ದಾರೆ. ಅದು ಅನಿಷ್ಟನಿವೃತ್ತಿಗೆ ಸೇರಿದ ದೋಷ. ಇಷ್ಟಪ್ರಾಪ್ತಿಯನ್ನು ಪರೀಕ್ಷಿಸುವುದು ಯಂತ್ರಕ್ಕೂ ಹೆಚ್ಚು ಶ್ರಮದ ಕೆಲಸ. ಅಲ್ಲದೆ, ‘ಎಂದಾದರೊಮ್ಮೆ’ ಎಂಬ ಆಶ್ವಾಸನದಿಂದ ಯಾರಿಗೆ ಏನು ಸುಖ? ಲಕ್ಷ ವರ್ಷಗಳ ಮೇಲೆ ಬಂದ ಉತ್ತರವೂ ಬಂದ ಉತ್ತರವೇ. ಬಳಕೆದಾರನಿಗೆ ಬೇಕಾದುದು ಇಂತಿಷ್ಟು ಕಾಲದೊಳಗೆಂಬ ಅವಧಿ; ಅವಧಿ ಕಟ್ಟಿದೊಡನೆ ಅದು ಮತ್ತೆ ಅನಿಷ್ಟನಿವೃತ್ತಿಯೇ ಆಗುತ್ತದೆ, ಏಕೆಂದರೆ ಅವಧಿ ಮೀರಿದ ಕ್ಷಣವನ್ನು ಬೆರಳಿಟ್ಟು ತೋರಿಸಬಹುದು.

ಈ ಪೂರ್ವಪಕ್ಷಕ್ಕೆ ಉತ್ತರವುಂಟು. ಫಲವು ಎಲ್ಲಿ ಹೆಚ್ಚೆಂಬುದು ಹುಡುಕುವವನ ರೂಢಿಯನ್ನೂ ಅವಲಂಬಿಸಿದೆ. ಅಪ್ರಧಾನವೆಂದು ಬಿಟ್ಟ ಕಡೆ ದೋಷಗಳು ಕಡಮೆ ಸಿಕ್ಕುವುದು ಸಹಜ. ಅವಧಿಯ ಮಾತಾದರೋ, ಗಳಿಗೆಯ ಲೆಕ್ಕದ ಅವಧಿಯು ಯಂತ್ರದ ವೇಗಕ್ಕೆ ಸೇರಿದುದು, ವಿಧಾನಕ್ಕೆ ಸೇರಿದುದಲ್ಲ. ಒಂದೇ ವಿಧಾನವು ವೇಗದ ಯಂತ್ರದಲ್ಲಿ ಲಕ್ಷಣಕ್ಕೆ ಹೊಂದಿ ನಿಧಾನದ ಯಂತ್ರದಲ್ಲಿ ಹೊಂದದೆ ಹೋದರೆ, ಆ ಲಕ್ಷಣವು ವಿಧಾನದ ವಿಷಯದಲ್ಲಿ ಅವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ. ಬಾಗಿಲಲ್ಲಿ ನಿಂತವನು ಎಂದೆಂದಿಗೂ ನಿಲ್ಲಬಹುದೆಂಬ ದೋಷವಾದರೋ ಡೈಕ್‌ಸ್ಟ್ರಾ ಅವರ ವಿಧಾನದಲ್ಲಿಯೇ ಇತ್ತು; ಯಾವ ವೇಗದ ಯಂತ್ರವೂ ಅದನ್ನು ನೀಗಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅನಿಷ್ಟನಿವೃತ್ತಿಯೊಂದನ್ನೇ ಬೇಡುವ ಲಕ್ಷಣಕ್ಕೆ, ಮೊದಲ ಸ್ಥಿತಿಯಲ್ಲಿ ಆಕ್ಷೇಪಣೆಯಿಲ್ಲದಿದ್ದರೆ, ಏನನ್ನೂ ಮಾಡದ ಕ್ರಮವಿಧಿಯು ಎಂದಿಗೂ ತಪ್ಪದ ಉದಾಹರಣೆ. ಬಾಗಿಲಿಗೆ ಬೀಗ ಜಡಿದರೆ ಒಳಮನೆಯಲ್ಲಿ ಇಬ್ಬರು ಸೇರುವುದುಂಟೆ? ‘ಸಾಧಿಸಲ್ಪಟ್ಟಿದೆ’ ಎಂಬ ಮುದ್ರೆಯನ್ನು ಈ ಬೀಗದ ಮೇಲೂ ಒತ್ತಬಹುದಾದರೆ ಮುದ್ರೆಯ ಬೆಲೆ ಎಷ್ಟು?

ಸರದಿಗಳ ಲೆಕ್ಕದ ಅವಧಿ ಬೇರೆ ಮಾತು. ಅದು ವಿಧಾನಕ್ಕೇ ಸೇರಿದುದು. ಕ್ನೂಥರು ದೋಷವನ್ನು ಎತ್ತಿತೋರಿಸಿದ ಬಳಿಕ, ಕಾದವನು ಎಷ್ಟು ಸರದಿಗಳು ಕಳೆಯುವವರೆಗೆ ಕಾಯಬೇಕಾದೀತೆಂಬ ವಿಚಾರವೇ ಒಂದು ಪರಂಪರೆಯಾಗಿ ಬೆಳೆಯಿತು. ಹತ್ತು ಕ್ರಮವಿಧಿಗಳಿದ್ದರೆ ಕ್ನೂಥರ ವಿಧಾನದಲ್ಲಿ ಆ ಮಿತಿ ೫೧೧ ಸರದಿಗಳು. ೧೯೬೭ರಲ್ಲಿ ಡಿ ಬ್ರೌನರು ಅದನ್ನು ೪೫ಕ್ಕೆ ಇಳಿಸಿದರು. ೧೯೭೨ರಲ್ಲಿ ಐಸೆನ್‌ಬರ್ಗ್, ಮೆಕ್‌ಗೈರ್ ಎಂಬವರು ೯ಕ್ಕೆ ತಂದರು. ತನ್ನ ಹೊರತು ಉಳಿದವರು ಒಂಬತ್ತೇ ಮಂದಿಯಾದುದರಿಂದ, ಎಲ್ಲರೂ ಒಟ್ಟಿಗೆ ಕಾದಿರುವಲ್ಲಿ ಕೊನೆಯವನಿಗೆ ಇದಕ್ಕಿಂತ ಕಡಮೆ ಸಾಧ್ಯವಿಲ್ಲ. ಈ ಮಿತಿಗಳೆಲ್ಲ ರೂಪದಲ್ಲಿ ಅನಿಷ್ಟನಿವೃತ್ತಿಗಳೇ. ಆದರೆ ಇಷ್ಟಪ್ರಾಪ್ತಿಯ ಲೋಪವನ್ನು ಕಂಡವರಿಗಲ್ಲದೆ ಇವು ಹೊಳೆಯುವಂತಿರಲಿಲ್ಲ. ಒಂಬತ್ತು ಸರದಿಗಳೊಳಗೆ ಎಂಬ ಮಾತೂ ಸರದಿಗಳು ಸಾಗುತ್ತಿದ್ದರೆ ಮಾತ್ರ ಸಾರ್ಥಕ. ಒಳಗಿರುವವನು ಎಂದಾದರೊಮ್ಮೆ ಹೊರಬರುವನೆಂಬುದನ್ನು ಯಾವ ಮಿತಿಯೂ ಹೇಳದು. ಅದನ್ನು ಎಂಟನೆಯ ಅಧ್ಯಾಯದ ನಿಷ್ಪಕ್ಷಪಾತದ ಸೂತ್ರಗಳೇ ಹೇಳಬೇಕು.